ಮುರಿದ ಚಾರ್ಪಿ ತುಂಡನ್ನು ಎಸೆಯಬೇಡಿ

ಮುಂಬೈನ ಚೆಂಬೂರಿನಲ್ಲಿ ನನ್ನ ಜೊತೆ ಇರುವ ಧಾರವಾಡದ ಹುಡುಗ ಮೊನ್ನೆ ಕೇಳಿದ, "ಅಣ್ಣಾ, ಬೆರಳುಗುರಿನಷ್ಟು ತುಂಡಿನಿಂದ ರಿಯಾಕ್ಟರ್ ಉಕ್ಕಿನ ತಾಳಿಕೆ ಗೊತ್ತಾಗುತ್ತಾ?" ಗೊತ್ತಾಗುತ್ತದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನ್ಯೂಟ್ರಾನ್ ಹೊಡೆತ ತಿಂದ ಉಕ್ಕು ಬರಬರುತ್ತಾ ಪೆಡಸಾಗುತ್ತದೆ, ಪರೀಕ್ಷೆಗೆ ಸಿಗುವ ಲೋಹವೂ ಕಡಿಮೆ. ಅದಕ್ಕೇ ಚಾರ್ಪಿ ಪರೀಕ್ಷೆಯಲ್ಲಿ (ಸುತ್ತಿಗೆಯ ಒಂದೇ ಏಟಿಗೆ ಮುರಿಯುವ ಪರೀಕ್ಷೆ) ಮುರಿದ ಅರ್ಧ ತುಂಡಿನಿಂದ ವೈರ್ ಕಟಿಂಗ್‌ನಲ್ಲಿ 4 ಮಿ.ಮೀ. ದಪ್ಪದ ಮಿನಿ ಸಿಟಿ ತುಂಡುಗಳನ್ನು (ಎಳೆದು ಮುರಿಯುವ ಪುಟ್ಟ ಕಾಂಪ್ಯಾಕ್ಟ್ ಟೆನ್ಷನ್ ತುಂಡು) ತೆಗೆಯಿರಿ. ಮುರಿದ ಜಾಗದ ಹತ್ತಿರ ಲೋಹ ಜಗ್ಗಿರುತ್ತದೆ, ಅದನ್ನು ಬಿಡಿ.

ಆಮೇಲೆ ಲೋಡನ್ನು ಮತ್ತೆ ಮತ್ತೆ ಏರಿಸಿ ಇಳಿಸಿ ತುಂಡಿನಲ್ಲಿ ಫಟೀಗ್ ಬಿರುಕು ಬೆಳೆಸಿ. ಕೊನೆಗೆ ಬರುತ್ತಾ ಲೋಡ್ ಇಳಿಸಿ, ಅವಸರ ಬೇಡ.

ಎಲ್ಲಕ್ಕಿಂತ ಮುಖ್ಯ ತಾಪಮಾನ. ತುಂಡು ಚಿಕ್ಕದಾದಷ್ಟೂ ಅದು ಅಳೆಯಬಲ್ಲ ಮಿತಿಯೂ ಚಿಕ್ಕದು, ಹಾಗಾಗಿ ಟಿ-ಸೊನ್ನೆಗಿಂತ (ನಾವು ಹುಡುಕುತ್ತಿರುವ ತಾಪಮಾನ, ಅರ್ಥ ಕೆಳಗೆ ಹೇಳುತ್ತೇನೆ) ಸಾಕಷ್ಟು ತಣ್ಣಗೆ, ಆದರೆ ಅದಕ್ಕಿಂತ 50 ಡಿಗ್ರಿಗೂ ಹೆಚ್ಚು ಕೆಳಗೆ ಹೋಗದಂತೆ ಪರೀಕ್ಷೆ ಮಾಡಬೇಕು. ತಾಪ ಅಳೆಯುವ ಥರ್ಮೋಕಪಲ್ ತುಂಡಿನ ಮೇಲೇ ಇರಲಿ. ಒಮ್ಮೆ ನಾನು ಹಿಡಿಕೆಗೆ ಅಂಟಿಸಿ ಇಡೀ ದಿನದ ಡೇಟಾ ಕಳೆದುಕೊಂಡೆ, ತುಂಬಾ ಬೇಜಾರಾಯಿತು.

ತುಂಡನ್ನು ಎಳೆದು ಮುರಿದಾಗ ಬಂದ ತಾಳಿಕೆಯ ಮೌಲ್ಯವನ್ನು (ಅಳತೆ ಮೆಗಾಪಾಸ್ಕಲ್ ರೂಟ್ ಮೀಟರ್) 25 ಮಿ.ಮೀ. ದಪ್ಪಕ್ಕೆ ಬದಲಿಸಿ: 20 ಕಳೆದು, ಸುಮಾರು 0.63ರಿಂದ ಗುಣಿಸಿ, ಮತ್ತೆ 20 ಸೇರಿಸಿ. 120 ಬಂದಿದ್ದರೆ 83 ಆಗುತ್ತದೆ, ಜಾಸ್ತಿನೇ ವ್ಯತ್ಯಾಸ ಅಲ್ವಾ? ಈ ಮೌಲ್ಯಗಳ ನಡುವಿನ ಅಂಕಿ 100 ಮೆಗಾಪಾಸ್ಕಲ್ ರೂಟ್ ಮೀಟರ್ ಆಗುವ ತಾಪಮಾನವೇ ಟಿ-ಸೊನ್ನೆ. ಈ ಪರೀಕ್ಷೆಯ ಮಾನದಂಡ ಎಎಸ್‌ಟಿಎಂ ಇ1921 ಪ್ರಕಾರ ಕನಿಷ್ಠ ಆರು ಸರಿಯಾದ ಫಲಿತಾಂಶ ಬೇಕು. ನಾನಂತೂ ಹನ್ನೆರಡು ತುಂಡು ಕತ್ತರಿಸಿಟ್ಟುಕೊಳ್ಳುತ್ತೇನೆ. ಮುರಿದ ಮೇಲೆ ಮೈಕ್ರೋಸ್ಕೋಪಿನಲ್ಲಿ ಬಿರುಕಿನ ಅಂಚು ನೋಡಿ. ಒಂದು ಕಡೆಗೆ ವಾಲಿದ್ದರೆ ಆ ತುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ.