ಗ್ರಿಡ್ ಸೀಲಿಂಗ್ ಹಾಕ್ಸೋದು ಹೇಗೆ: ಟೈಲ್ ಆಮೇಲೆ ನೋಡೋಣ, ಮೊದಲು ತಂತಿ ನೋಡಿ

ಯಾವುದೇ ಹೊಸ ಕ್ಲಿನಿಕ್ಕು, ಕೋಚಿಂಗ್ ಸೆಂಟರು, ಸಣ್ಣ ಆಫೀಸು ಓಪನ್ ಆಯ್ತು ಅಂತ ಕರೆದ್ರೆ ನಾನು ಒಳಗೆ ಕಾಲಿಟ್ಟ ತಕ್ಷಣ ನೋಡೋದು ತಲೆ ಮೇಲೆ. ಎರಡಡಿ ಚೌಕದ ಗ್ರಿಡ್ ಸೀಲಿಂಗ್ ಇದ್ದೇ ಇರುತ್ತೆ. ಒಂದು ಗೋಡೆ ಪಕ್ಕ ಪೂರ್ತಿ ಟೈಲು, ಎದುರು ಗೋಡೆ ಪಕ್ಕ ಎರಡು ಬೆರಳಗಲದ ಚೂರು, ಮಧ್ಯದಲ್ಲಿ ಲೈಟ್ ಹಾಕಿರೋ ಕಡೆ ಹೊಟ್ಟೆ ಬಿಟ್ಟಿರೋ ಪಟ್ಟಿ, ಇದೂ ಇದ್ದೇ ಇರುತ್ತೆ. ಮಾಲೀಕರನ್ನ ಕೇಳಿದ್ರೆ ಟೈಲ್ ಡಿಸೈನ್ ಆರಿಸೋಕೆ ನಾಲ್ಕು ಅಂಗಡಿ ಸುತ್ತಿದ್ವಿ ಸಾರ್ ಅಂತಾರೆ. ಟೈಲ್ ಕೂರೋದು ಯಾವುದರ ಮೇಲೆ, ಅದನ್ನ ಎತ್ತಿ ಹಿಡಿದಿರೋದು ಯಾವುದು ಅಂತ ಯಾರೂ ಕೇಳಿರಲ್ಲ.

ಇಲ್ಲಿ ನಾನು ಹೇಳ್ತಿರೋದು ಗ್ರಿಡ್ ಸೀಲಿಂಗ್ ಬಗ್ಗೆ ಮಾತ್ರ. ಪಿಒಪಿ, ಜಿಪ್ಸಮ್ ಬೋರ್ಡು ಹಾಕಿ ಜಾಯಿಂಟ್ ಮುಚ್ಚಿ ಪೇಂಟ್ ಹೊಡೆಯೋದು ಬೇರೆ ಕಥೆ, ಅದು ಮನೆ ಹಾಲಿಗೆ ಚೆನ್ನ. ವೈರು, ಎಸಿ ಪೈಪು, ಡ್ರೈನ್ ಎಲ್ಲಾ ಮೇಲೆ ಓಡೋ ಜಾಗಕ್ಕೆ ಗ್ರಿಡ್ಡೇ ಸರಿ, ಯಾಕಂದ್ರೆ ಬೇಕಾದಾಗ ಒಂದು ಟೈಲ್ ಎತ್ತಿ ಕೈ ಹಾಕಬಹುದು. ಹೀಗೆ ಎತ್ತಿ ನೋಡಬಹುದಾದ ಸೀಲಿಂಗಿಗೆ ಅಮೆರಿಕದ ಓಹಾಯೋದ ಡೊನಾಲ್ಡ್ ಬ್ರೌನ್ ಅನ್ನೋರು 1958ರಲ್ಲಿ ಅರ್ಜಿ ಹಾಕಿ 1961ರಲ್ಲಿ ಪೇಟೆಂಟ್ ತಗೊಂಡ್ರು. ಎತ್ತಿ ನೋಡೋದೇ ಇದರ ಉದ್ದೇಶ, ಹಂಗಾಗಿ ಎತ್ತೋಕೆ ಆಗದ ಗ್ರಿಡ್ ಸೀಲಿಂಗಿಗೆ ದುಡ್ಡು ಕೊಡೋದರಲ್ಲಿ ಅರ್ಥವೇ ಇಲ್ಲ.

ಸಾಮಾನು

ಗೋಡೆ ಸುತ್ತ ಹೊಡೆಯೋ ಎಲ್ ಆಕಾರದ ವಾಲ್ ಆಂಗಲ್, ಉದ್ದಕ್ಕೆ ಹೋಗೋ ಮೇನ್ ಟೀ (ತಲೆಕೆಳಗಾದ ಇಂಗ್ಲಿಷ್ ಟಿ ಆಕಾರದ ತಗಡಿನ ಪಟ್ಟಿ), ಅದಕ್ಕೆ ಅಡ್ಡ ಸಿಕ್ಕಿಸೋ 1200 ಮಿ.ಮೀ.ನ ಕ್ರಾಸ್ ಟೀ, ಅದರ ಮಧ್ಯೆ ಸಿಕ್ಕಿಸೋ 600ರ ಕ್ರಾಸ್ ಟೀ, ಸ್ಲ್ಯಾಬಿಂದ ನೇತುಹಾಕೋಕೆ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಅಥವಾ ರಾಡು, ಅಡ್ಜಸ್ಟ್ ಮಾಡೋ ಕ್ಲಿಪ್ಪು, ಸ್ಲ್ಯಾಬಿನ ತೂತಲ್ಲಿ ಕಚ್ಚಿ ಕೂರೋ ಆಂಕರ್ ಫಾಸ್ಟನರು. ಟೈಲ್ ಅಳತೆ 595 ಮಿ.ಮೀ. ಚೌಕ, ಕೂರೋ ಕಿಂಡಿ 600. ಟೀ ಕೊಳ್ಳುವಾಗ ಎರಡು ಕೈಯಲ್ಲಿ ಹಿಡಿದು ತಿರುಚಿ ನೋಡಿ. ಒಳ್ಳೇ ಟೀಗೆ ಎರಡು ಪದರ ತಗಡು ಸೇರೋ ಕಡೆ ಉದ್ದಕ್ಕೂ ಒತ್ತಿ ಹೊಲಿಗೆ ಹಾಕಿರ್ತಾರೆ, ಅದು ತಿರುಚಿಕೊಳ್ಳಲ್ಲ. ಕಡಿಮೆ ರೇಟಿನ ಟೀ ಅಂಗಡಿಯಲ್ಲೇ ಹಾವಿನ ಥರ ನುಲಿಯುತ್ತೆ. ಅದರ ಬಿಳಿ ಬಣ್ಣ ಉಗುರಲ್ಲಿ ಕೆರೆದ್ರೆ ಬರುತ್ತೆ, ಎರಡು ಮಳೆಗಾಲ ಕಳೆದ ಮೇಲೆ ತುಕ್ಕಿನ ಗೆರೆ ಮೂಡುತ್ತೆ. ಟೈಲಲ್ಲಿ ಉಳಿಸಿ ಬೇಕಾದ್ರೆ, ಟೀಯಲ್ಲಿ ಮಾತ್ರ ಬೇಡ.

ಟೈಲ್ ವಿಷಯ ಚಿಕ್ಕದಾಗಿ ಹೇಳಿಬಿಡ್ತೀನಿ. ಮಿನರಲ್ ಫೈಬರ್ ಸದ್ದು ಹೀರುತ್ತೆ, ಪಾಠ ಮಾಡೋ ರೂಮಿಗೆ ಅದೇ ಬೇಕು, ಆದ್ರೆ ತೇವಕ್ಕೆ ಬಾಗುತ್ತೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಬಾಕ್ಸ್ ಮೇಲೆ ಆರ್‌ಎಚ್ 99 (ಗಾಳಿಯಲ್ಲಿ ಶೇ. 99 ತೇವ ಇದ್ರೂ ತಡೆಯುತ್ತೆ ಅಂತ) ಇದ್ಯಾ ನೋಡಿ ತಗೊಳ್ಳಿ, ಇಲ್ಲಾಂದ್ರೆ ಕ್ಯಾಲ್ಸಿಯಂ ಸಿಲಿಕೇಟ್ ಅಥವಾ ಮೆಟಲ್ ಟೈಲ್. ಪಿವಿಸಿ ಹಾಳೆ ಅಂಟಿಸಿದ ಜಿಪ್ಸಮ್ ಟೈಲ್ ಒರೆಸೋಕೆ ಸುಲಭ, ಹಿಂದಿನಿಂದ ನೀರು ಬಿದ್ರೆ ಹಾಳೆ ಉಬ್ಬುತ್ತೆ. ಥರ್ಮೋಕೋಲ್ ಟೈಲ್ ಹಗುರ, ಅಗ್ಗ ಅಂತ ಯಾರಾದ್ರೂ ತೋರಿಸಿದ್ರೆ ಅಂಗಡಿಯಿಂದ ಎದ್ದು ಬನ್ನಿ, ಬೆಂಕಿ ತಗುಲಿದ್ರೆ ಕರಗಿ ಉರಿಯೋ ಸಾಮಾನು ಅದು, ತಲೆ ಮೇಲೆ ಬೇಡ.

ಎತ್ತರ ಗುರುತು ಮಾಡೋದು

ಮೊದಲು ಮೇಲೆ ಆಗಬೇಕಾದ್ದೆಲ್ಲ ಆಗಿರ್ಲಿ: ಸ್ಲ್ಯಾಬ್ ಸೋರಿಕೆ ರಿಪೇರಿ, ವೈರಿಂಗು, ಎಸಿ ಪೈಪು, ಪೈಪ್ ಬರೋ ತೂತುಗಳನ್ನ ಸಿಮೆಂಟಲ್ಲಿ ಮುಚ್ಚೋದು. ಈ ತೂತು ಬಿಟ್ರೆ ಇಲಿ ಸಂಸಾರ ಹೂಡುತ್ತೆ, ರಾತ್ರಿ ಟೈಲ್ ಮೇಲೆ ಓಡಾಡುತ್ತೆ, ವೈರ್ ಕಡಿಯುತ್ತೆ.

ಆಮೇಲೆ ಮೇಲಿರೋದರಲ್ಲಿ ಅತಿ ಕೆಳಗೆ ಇಳಿದಿರೋದು ಯಾವುದು ನೋಡಿ, ಬೀಮೋ, ಎಸಿ ಗಾಳಿ ಹೋಗೋ ಡಕ್ಟೋ, ಇಳಿಜಾರಾಗಿ ಬರೋ ಎಸಿ ಡ್ರೈನ್ ಪೈಪೋ. ಅದಕ್ಕಿಂತ ಕನಿಷ್ಠ ಆರಿಂಚು ಕೆಳಗೆ ಸೀಲಿಂಗ್ ಬರ್ಲಿ. ಟೈಲ್ ಎತ್ತಿ ಓರೆ ಮಾಡಿ ಹೊರಗೆ ತೆಗಿಯೋಕೆ ಆ ಜಾಗ ಬೇಕೇ ಬೇಕು. ಇನ್ನೊಂದು ಕಡೆಯಿಂದ ಎಸಿ ಇರೋ ರೂಮಿಗೆ ನೆಲದಿಂದ 2.4 ಮೀಟರ್, ಎಸಿ ಇಲ್ಲದ ರೂಮಿಗೆ 2.75 ಮೀಟರ್ ಉಳಿಯಬೇಕು ಅನ್ನೋದು ನ್ಯಾಷನಲ್ ಬಿಲ್ಡಿಂಗ್ ಕೋಡ್ ಲೆಕ್ಕ. ಎರಡೂ ಕೂಡಿ ಬರದೇ ಇದ್ರೆ ಅಲ್ಲಿ ಫಾಲ್ಸ್ ಸೀಲಿಂಗ್ ಮಾಡಿಸಬೇಡಿ, ಸ್ಲ್ಯಾಬಿಗೆ ಪೇಂಟ್ ಹೊಡೆದು ಪೈಪ್ ಕಾಣೋಕೆ ಬಿಡಿ, ಈಗ ಅದೇ ಫ್ಯಾಷನ್ನು.

ಎತ್ತರಾನ ನಾಲ್ಕೂ ಮೂಲೆಯಲ್ಲಿ ನೆಲದಿಂದ ಟೇಪ್ ಹಿಡಿದು ಅಳೆಯೋ ಪುಣ್ಯಾತ್ಮರಿದ್ದಾರೆ. ನೆಲ ಎಲ್ಲಿ ಲೆವೆಲ್ ಇರುತ್ತೆ? ಒಂದು ಕಡೆ ಮಾತ್ರ ಅಳೆದು, ಅಲ್ಲಿಂದ ಲೇಸರ್ ಲೆವೆಲ್ಲಲ್ಲಿ ಸುತ್ತ ಗೆರೆ ಎಳೀಬೇಕು. ಲೇಸರ್ ಬಾಡಿಗೆಗೆ ಸಿಗುತ್ತೆ. ಇಲ್ಲಾಂದ್ರೆ ನೀರಿನ ಟ್ಯೂಬ್ ಲೆವೆಲ್ಲೂ ನಡೆಯುತ್ತೆ, ಒಳಗೆ ಗಾಳಿ ಗುಳ್ಳೆ ಇರಬಾರದು ಅಷ್ಟೇ. ಗೆರೆ ಮೇಲೆ ವಾಲ್ ಆಂಗಲ್ ಇಟ್ಟು 450 ಮಿ.ಮೀ.ಗೆ ಒಂದರಂತೆ ರಾಲ್ ಪ್ಲಗ್ (ಗೋಡೆ ತೂತಿಗೆ ಹಾಕೋ ಪ್ಲಾಸ್ಟಿಕ್ ಬಿರಡೆ) ಹಾಕಿ ಸ್ಕ್ರೂ ಮಾಡಿ. ಕಾಂಕ್ರೀಟ್ ಮೊಳೆ ಹೊಡೆದು ಮುಗಿಸೋದು ರೂಢಿ, ಅದು ಪ್ಲಾಸ್ಟರ್ ಬಿರುಕು ಬಿಡಿಸುತ್ತೆ, ನನಗಂತೂ ಇಷ್ಟ ಇಲ್ಲ.

ಲೆಕ್ಕ ಹಾಕೋದು, ಎಲ್ಲರೂ ಎಡವೋದು ಇಲ್ಲೇ

ಕೆಲಸದವರು ಒಂದು ಮೂಲೆಯಿಂದ ಪೂರ್ತಿ ಟೈಲ್ ಇಟ್ಕೊಂಡು ಹೊರಟ್ರೆ ಅಲ್ಲೇ ನಿಲ್ಲಿಸಿ. ಎರಡೂ ಕಡೆ ಗೋಡೆ ಪಕ್ಕದ ತುಂಡುಗಳು ಸಮ ಇರಬೇಕು, ಅರ್ಧ ಟೈಲಿಗಿಂತ ಕಿರಿದಾಗಬಾರದು. ಇದಕ್ಕೆ ಸುಲಭದ ಲೆಕ್ಕ ಇದೆ. ರೂಮಿನ ಅಗಲಾನ 600ರಿಂದ ಭಾಗಿಸಿ, ಉಳಿದಿದ್ದಕ್ಕೆ ಇನ್ನೊಂದು 600 ಸೇರಿಸಿ, ಅರ್ಧ ಮಾಡಿ. ಅಷ್ಟೇ ಗೋಡೆ ಪಕ್ಕದ ತುಂಡು.

ಉದಾಹರಣೆಗೆ ರೂಮು 4300 ಮಿ.ಮೀ. ಅಗಲ, 5600 ಮಿ.ಮೀ. ಉದ್ದ ಅಂತಿಟ್ಕೊಳ್ಳಿ (ಮುಂದಿನ ಅಳತೆಗಳೂ ಮಿ.ಮೀ.ಲೇ), ಸುಮಾರು 260 ಸ್ಕ್ವೇರ್ ಫೀಟು. ಅಗಲದಲ್ಲಿ ಏಳು ಪೂರ್ತಿ ಟೈಲ್ ಹೋಗಿ 100 ಉಳಿಯುತ್ತೆ. 100 ಮಿ.ಮೀ. ಚೂರು ಒಂದು ಕಡೆ ಹಾಕಿದ್ರೆ ದರಿದ್ರ, ಎರಡು ಕಡೆ 50ರಂತೆ ಹಾಕಿದ್ರೆ ಇನ್ನೂ ದರಿದ್ರ. 100ಕ್ಕೆ 600 ಸೇರಿಸಿ ಅರ್ಧ ಮಾಡಿ: ಎರಡೂ ಕಡೆ 350, ಮಧ್ಯ ಆರು ಪೂರ್ತಿ ಟೈಲು. ಉದ್ದದಲ್ಲಿ ಒಂಬತ್ತು ಹೋಗಿ 200 ಉಳಿಯುತ್ತೆ, ಅಂದ್ರೆ ಎರಡೂ ತುದಿಗೆ 400, ಮಧ್ಯ ಎಂಟು. ಒಟ್ಟು 80 ಕಿಂಡಿ, ಲೈಟಿನ ಜಾಗ ಕಳೆದು ಮೇಲೆ ಐದಾರು ಟೈಲ್ ಜಾಸ್ತಿ ತರಿಸಿ.

ಈಗ ಮೇನ್ ಟೀ ಎಲ್ಲಿ ಬರುತ್ತೆ? ಉದ್ದಕ್ಕೆ ಓಡಿಸ್ತೀವಿ, ಒಂದರಿಂದ ಇನ್ನೊಂದಕ್ಕೆ 1200. ಈ ರೂಮಲ್ಲಿ ಎಡ ಗೋಡೆಯಿಂದ 950, 2150, 3350ಕ್ಕೆ ಮೂರು ಸಾಲು. ಬಲ ಗೋಡೆಗೂ 950 ಉಳಿಯುತ್ತೆ, ಸರಿಹೋಯ್ತು. ಗೋಡೆ ಪಕ್ಕಕ್ಕೆ 1200ರ ಕ್ರಾಸ್ ಟೀಯನ್ನ ಗೋಡೆ ಕಡೆಯ ತುದಿ ಕತ್ತರಿಸಿ ಕೂರಿಸೋದು, ಕ್ಲಿಪ್ ಇರೋ ತುದಿ ಮೇನ್ ಟೀ ಕಡೆಗೇ ಇರ್ಲಿ.

ಇನ್ನೊಂದು ಸೂಕ್ಷ್ಮ ಇದೆ, ಅನುಭವಿ ಮೇಸ್ತ್ರಿಗಳೂ ಮರೀತಾರೆ. ಮೇನ್ ಟೀಯಲ್ಲಿ ಕ್ರಾಸ್ ಟೀ ಸಿಕ್ಕಿಸೋಕೆ ಕಾರ್ಖಾನೆಯಲ್ಲೇ ಸ್ಲಾಟ್ ಕೊರೆದಿರ್ತಾರೆ. ನಮ್ಮ ಲೆಕ್ಕದ ಪ್ರಕಾರ ಮೊದಲ ಕ್ರಾಸ್ ಟೀ ಗೋಡೆಯಿಂದ 400ಕ್ಕೆ ಬರಬೇಕು, ಅಂದ್ರೆ ಒಂದು ಸ್ಲಾಟು ಸರಿಯಾಗಿ 400ಕ್ಕೇ ಬೀಳಬೇಕು. ಹಂಗಾಗಿ ಟೀ ತುದಿಯಿಂದ ಅಳೆದು ಕತ್ತರಿಸಬಾರದು, ಸ್ಲಾಟಿನಿಂದ ಹಿಂದಕ್ಕೆ 400 ಅಳೆದು ಒಂದೆರಡು ಮಿ.ಮೀ. ಬಿಟ್ಟು ಕತ್ತರಿಸಬೇಕು, ಮೂರೂ ಸಾಲಿಗೂ ಹಂಗೇ. ಒಂದು ಸಾಲಲ್ಲಿ ಐದು ಮಿ.ಮೀ. ಹೆಚ್ಚುಕಮ್ಮಿ ಆದ್ರೂ ಅಡ್ಡಪಟ್ಟಿಗಳೆಲ್ಲ ಸೊಟ್ಟ, ಚೌಕ ಹೋಗಿ ವಜ್ರದಾಕಾರ, ಟೈಲ್ ಕೂರಲ್ಲ, ಆಗ ಶುರುವಾಗುತ್ತೆ ನೋಡಿ ಟೈಲನ್ನ ಚಾಕುವಲ್ಲಿ ಕೆರೆದು ತುರುಕೋ ಕಾರ್ಯಕ್ರಮ. 3600 ಉದ್ದದ ಮೇನ್ ಟೀ ಈ ರೂಮಿಗೆ ಸಾಲದು, ಇನ್ನೊಂದು ಜೋಡಿಸಬೇಕು, ಜೋಡಿಸೋ ತುದಿಯನ್ನ ಯಾವತ್ತೂ ಕತ್ತರಿಸಬೇಡಿ.

ನೇತುಹಾಕೋದು

ಮೇನ್ ಟೀ ಉದ್ದಕ್ಕೂ 1200ಕ್ಕಿಂತ ಹೆಚ್ಚು ಅಂತರ ಇಲ್ಲದಂಗೆ ಒಂದೊಂದು ತಂತಿ, ಗೋಡೆ ಪಕ್ಕದ ಮೊದಲ ತಂತಿ 450ರ ಒಳಗೆ. ನಮ್ಮ ರೂಮಲ್ಲಿ 400, 1600, 2800, 4000, 5200, ಸಾಲಿಗೆ ಐದು, ಒಟ್ಟು 15. ಇದನ್ನ ಕೆಲಸ ಶುರು ಆಗೋ ಮುಂಚೆ ಕಾಂಟ್ರಾಕ್ಟರ್ ಕೈಯಲ್ಲಿ ಬರೆಸ್ಕೊಳ್ಳಿ, ಯಾಕಂದ್ರೆ ಸ್ಕ್ವೇರ್ ಫೀಟ್ ರೇಟಲ್ಲಿ ಕೆಲಸ ಮಾಡೋರು ಮೊದಲು ಉಳಿಸೋದು ತಂತಿಯಲ್ಲೇ. ಒಂದು ಬಿಟ್ಟು ಒಂದು ಹಾಕಿ ಟೈಲ್ ಮುಚ್ಚಿಬಿಟ್ರೆ ಯಾರಿಗೆ ಕಾಣುತ್ತೆ.

ಸ್ಲ್ಯಾಬಿಗೆ ಡ್ರಿಲ್ ಮಾಡಿ ಆಂಕರ್ ಹಾಕಿ ಕ್ಲೀಟ್ (ತೂತಿರೋ ಸಣ್ಣ ಕಬ್ಬಿಣದ ತುಂಡು) ಕೂರಿಸಿ ಅದಕ್ಕೆ ತಂತಿ. ಮರದ ಗೂಟ ಹೊಡೆದು ಮೊಳೆಗೆ ತಂತಿ ಸುತ್ತೋದು ಬೇಡ. ಸ್ಲ್ಯಾಬ್ ಒಳಗೆ ಕರೆಂಟ್ ಪೈಪು ಓಡಿರುತ್ತೆ, ಎಲ್ಲಿಂದ ಎಲ್ಲಿಗೆ ಅಂತ ಎಲೆಕ್ಟ್ರಿಷಿಯನ್ ಹತ್ರ ಕೇಳಿ ಚಾಕ್‌ಪೀಸಲ್ಲಿ ಗುರುತು ಹಾಕಿ. ಡ್ರಿಲ್ ಕಂಬಿಗೆ ತಾಗಿದ್ರೆ ಜೋರು ಮಾಡಬೇಡಿ, ಒಂದಿಂಚು ಪಕ್ಕಕ್ಕೆ ಸರಿಸಿ. ಬೆಂಗಳೂರಿನ ದೊಡ್ಡ ಆಫೀಸ್ ಬಿಲ್ಡಿಂಗ್‌ಗಳಲ್ಲಿ ಪೋಸ್ಟ್ ಟೆನ್ಷನ್ ಸ್ಲ್ಯಾಬ್ ಇರಬಹುದು, ಒಳಗೆ ಬಿಗಿದ ಕೇಬಲ್ ಇರುತ್ತೆ. ಅಲ್ಲಿ ಬಿಲ್ಡಿಂಗ್‌ನವರು ಕೇಬಲ್ ದಾರಿ ಗುರುತು ಮಾಡಿ ಎಷ್ಟು ಆಳ ಕೊರೀಬಹುದು ಅಂತ ಹೇಳೋ ತನಕ ಡ್ರಿಲ್ ಮುಟ್ಟೋ ಹಾಗಿಲ್ಲ. ಶೀಟ್ ಛಾವಣಿ ಆದ್ರೆ ಶೀಟಿಗೆ ಕೈ ಹಾಕಬೇಡಿ, ಅದರ ಕೆಳಗಿನ ಕಬ್ಬಿಣದ ಪರ್ಲಿನ್‌ಗೆ (ಶೀಟ್ ಹೊರೋ ಅಡ್ಡಪಟ್ಟಿಗೆ) ಕ್ಲಾಂಪ್ ಹಾಕಿ. ಹಳೇ ಆಸ್ಬೆಸ್ಟಾಸ್ ಶೀಟನ್ನಂತೂ ಕೊರೆಯಲೇಬೇಡಿ, ಆ ಧೂಳು ಶ್ವಾಸಕೋಶಕ್ಕೆ ವಿಷ. ಮೇಲ್ಮುಖವಾಗಿ ಡ್ರಿಲ್ ಮಾಡೋವಾಗ ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು.

ತಂತಿ ನೆಟ್ಟಗೆ ಕೆಳಗೆ ಇಳೀಬೇಕು. ಡಕ್ಟ್ ಅಡ್ಡ ಬಂತು ಅಂತ ಓರೆಯಾಗಿ ಎಳೆದ್ರೆ ಟೀ ಪಕ್ಕಕ್ಕೆ ವಾಲುತ್ತೆ, ಡಕ್ಟಿಗೋ ಸ್ಪ್ರಿಂಕ್ಲರ್ ಪೈಪಿಗೋ ಕಟ್ಟಿದ್ರಂತೂ ಅದು ಅದುರಿದಾಗೆಲ್ಲ ಸೀಲಿಂಗೂ ಅದುರುತ್ತೆ. ಡಕ್ಟಿನ ಎರಡು ಪಕ್ಕದಲ್ಲಿ ರಾಡ್ ಇಳಿಸಿ ಕೆಳಗೊಂದು ಅಡ್ಡ ಆಂಗಲ್ ಹಾಕಿ, ಅದರಿಂದ ತಂತಿ ಇಳಿಸಿ. ಬರೀ ತಂತಿ ಸುತ್ತೋದಾದ್ರೆ ಬಿಗಿಯಾಗಿ ಮೂರು ಸುತ್ತು. ನಾನು ಹೇಳೋದಾದ್ರೆ ಅಡ್ಜಸ್ಟ್ ಮಾಡೋ ಕ್ಲಿಪ್ಪೇ ಹಾಕ್ಸಿ, ಆಮೇಲೆ ಲೆವೆಲ್ ಮಾಡೋವಾಗ ಒತ್ತಿ ಏರಿಸಿ ಇಳಿಸಿದ್ರೆ ಆಯ್ತು.

ಮೊದಲ ಎರಡು ಮೇನ್ ಟೀ, ಅದರ ಮಧ್ಯೆ 1200ರ ಎರಡು ಕ್ರಾಸ್ ಟೀಯನ್ನ ಒಂದಕ್ಕೊಂದು 1200 ದೂರದಲ್ಲಿ ಸಿಕ್ಕಿಸಿ ನಿಲ್ಲಿ. ಆ ದೊಡ್ಡ ಚೌಕದ ಎರಡೂ ಕರ್ಣ ಅಳೀರಿ, ಎರಡೂ ಒಂದೇ ಬರಬೇಕು, 1697 ಮಿ.ಮೀ. ಹತ್ರ. ಬರದೇ ಇದ್ರೆ ಮುಂದಕ್ಕೆ ಹೋಗಬೇಡಿ. ಬಂತು ಅಂದ್ರೆ ಉಳಿದ ಕ್ರಾಸ್ ಟೀ ಟಕಟಕ ಸಿಕ್ಕಿಸ್ಕೊಂಡು ಹೋಗೋದೇ, ಬಾಯಿ ಹೇಳೋಕಿಂತ ಬೇಗ ಕೈ ಮಾಡುತ್ತೆ. ಎಲ್ಲ ಆದ್ಮೇಲೆ ದಾರ ಎಳೆದು ಇನ್ನೊಂದು ಸಲ ಲೆವೆಲ್ ನೋಡಿ. ಎಎಸ್‌ಟಿಎಂ ಸಿ636 ಅನ್ನೋ ಅಮೆರಿಕನ್ ಸ್ಟ್ಯಾಂಡರ್ಡ್ ಪ್ರಕಾರ 3.6 ಮೀಟರಿಗೆ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಿಟಕಿ ಬೆಳಕು ಓರೆಯಾಗಿ ಬೀಳೋ ರೂಮಲ್ಲಿ ಅದಕ್ಕಿಂತ ಜಾಸ್ತಿ ಆದ್ರೆ ಬರಿಗಣ್ಣಿಗೆ ಕಾಣುತ್ತೆ.

ಲೈಟು, ಫ್ಯಾನು, ಎಸಿ

ಗ್ರಿಡ್ ಇರೋದು ಟೈಲ್ ಹೊರೋಕೆ. ಎರಡಡಿ ಎಲ್‌ಇಡಿ ಪ್ಯಾನೆಲ್‌ಗೆ ಮೂಲೆಯಿಂದ ಸ್ಲ್ಯಾಬಿಗೆ ಪ್ರತ್ಯೇಕ ತಂತಿ ಕೊಡಿ. ಸೀಲಿಂಗಲ್ಲೇ ಕೂರೋ ಕ್ಯಾಸೆಟ್ ಎಸಿ ನಾಲ್ಕು ರಾಡಲ್ಲಿ ಸ್ಲ್ಯಾಬಿಂದಲೇ ನೇತಾಡಬೇಕು. ಫ್ಯಾನ್ ಗ್ರಿಡ್‌ಗೆ ನೇತುಹಾಕೋ ಮಾತೇ ಇಲ್ಲ, ಸ್ಲ್ಯಾಬ್ ಹುಕ್ಕಿಂದ ಉದ್ದ ರಾಡು ಇಳಿಸಿ, ಟೈಲಲ್ಲಿ ರಾಡ್ ಹೋಗೋಕೆ ಮಾತ್ರ ತೂತು. ಸ್ಮೋಕ್ ಡಿಟೆಕ್ಟರ್, ಸ್ಪ್ರಿಂಕ್ಲರ್ ಇರೋ ಬಿಲ್ಡಿಂಗ್ ಆದ್ರೆ ಅವರ ಡ್ರಾಯಿಂಗ್ ಮೊದಲೇ ತರಿಸ್ಕೊಂಡು ಟೈಲ್ ಮಧ್ಯಕ್ಕೆ ಬರೋ ಹಂಗೆ ಹೊಂದಿಸಿ, ಪಟ್ಟಿ ಮೇಲೆ ಬಂದ್ರೆ ಟೀ ಕತ್ತರಿಸೋಕೆ ಹೊರಡ್ತಾರೆ.

ಕೊನೆಗೆ ಟೈಲು

ಪ್ಲಾಸ್ಟರು, ಪೇಂಟು ಒಣಗಿದ ಮೇಲೆಯೇ. ಬಾಕ್ಸ್ ಒಡೆದು ಒಂದು ದಿನ ರೂಮಲ್ಲೇ ಇಟ್ಟಿರಿ. ಕೈಗೆ ಶುಭ್ರ ಗ್ಲೌಸು, ಬಿಳಿ ಟೈಲ್ ಮೇಲೆ ಬೆರಳಚ್ಚು ಬಿದ್ರೆ ಹೋಗಲ್ಲ. ಓರೆ ಮಾಡಿ ಮೇಲೆ ತೂರಿಸಿ ಇಳಿಸೋದು, ಅಷ್ಟೇ ಕೆಲಸ. ಗೋಡೆ ಪಕ್ಕದ ತುಂಡುಗಳನ್ನ ಒಂದೊಂದೇ ಅಳೆದು ಕತ್ತರಿಸಿ, ಗೋಡೆ ಯಾವತ್ತೂ ನೇರ ಇರಲ್ಲ. ಮಿನರಲ್ ಫೈಬರ್‌ನ ಮುಖ ಮೇಲೆ ಮಾಡಿ ಹೊಸ ಬ್ಲೇಡಲ್ಲಿ ಕೊಯ್ಯಬೇಕು, ಮೊಂಡು ಬ್ಲೇಡಾದ್ರೆ ಅಂಚು ಪುಡಿ ಪುಡಿ. ಕ್ಯಾಲ್ಸಿಯಂ ಸಿಲಿಕೇಟ್ ಕತ್ತರಿಸೋದು ಹೊರಗಡೆ, ಮಾಸ್ಕ್ ಹಾಕ್ಕೊಂಡು. ಅಂಚು ಕೆಳಗೆ ಇಳಿದಿರೋ ಟೆಗುಲರ್ ಟೈಲ್ ಚೆಂದ ಕಾಣುತ್ತೆ ನಿಜ, ಆದ್ರೆ ಗೋಡೆ ಪಕ್ಕ ಕತ್ತರಿಸಿದಾಗ ಆ ಅಂಚನ್ನ ಕೈಯಲ್ಲೇ ಮತ್ತೆ ಕೆತ್ತಬೇಕು, ಅದನ್ನ ನೀಟಾಗಿ ಮಾಡೋರು ಕಮ್ಮಿ. ಸಾದಾ ಚೌಕ ಅಂಚಿಂದೇ ತಗೊಳ್ಳಿ ಅಂತೀನಿ ನಾನು.

ಕೊನೇ ಪೇಮೆಂಟ್ ಕೊಡೋ ಮುಂಚೆ ಏಣಿ ಹತ್ತಿ, ನೀವೇ ಆರಿಸಿದ ನಾಲ್ಕೈದು ಕಡೆ ಟೈಲ್ ಎತ್ತಿ, ಟಾರ್ಚ್ ಬಿಟ್ಟು ತಂತಿ ಎಣಿಸಿ. 15 ಅಂತ ಬರೆದಿದ್ರೆ 15 ಇರಬೇಕು, ಒಂದೊಂದನ್ನೂ ಕೈಯಲ್ಲಿ ತಟ್ಟಿ ನೋಡಿ, ಸಡಿಲ ಇದ್ರೆ ಅದು ಭಾರ ಹೊರ್ತಿಲ್ಲ ಅಂತ. ಎಸಿ ಡ್ರೈನ್, ಜಂಕ್ಷನ್ ಬಾಕ್ಸ್ ಯಾವ ಟೈಲ್ ಮೇಲಿದೆ ಅಂತ ಒಂದು ಹಾಳೆಯಲ್ಲಿ ಬರೆದು ಡಿಬಿ ಬಾಕ್ಸ್ (ಕರೆಂಟಿನ ಮೇನ್ ಸ್ವಿಚ್‌ಗಳಿರೋ ಪೆಟ್ಟಿಗೆ) ಬಾಗಿಲ ಒಳಗೆ ಅಂಟಿಸಿಡಿ. ಮಿಕ್ಕ ಟೈಲ್‌ಗಳನ್ನ ಮಲಗಿಸಿ ಇಡಿ, ಗೋಡೆಗೆ ಒರಗಿಸಿದ್ರೆ ಬಾಗಿಹೋಗುತ್ತೆ.