ಬಾತ್‌ಟಬ್ ಡ್ರೈನ್ ಬಿಚ್ಚಲು ಯಾವ ಟೂಲ್? ನನ್ನ ಅನುಭವ

ನಮ್ಮ ಬಾತ್‌ಟಬ್ಬಿನ ಕೆಳಗೆ ಒದ್ದೆ ಕಾಣಿಸತೊಡಗಿತ್ತು. ಟಬ್ಬಿನ ನೀರು ಬಿಟ್ಟ ಮೇಲೆ ಜಾಸ್ತಿ, ಆಮೇಲೆ ನಿಧಾನವಾಗಿ ಒಣಗುತ್ತಿತ್ತು. ಪೈಪು ಎಲ್ಲೋ ಒಡೆದಿರಬೇಕು ಅಂದುಕೊಂಡು ಪಕ್ಕದ ಪ್ಯಾನೆಲ್ ಬಿಚ್ಚಿ, ಟಾರ್ಚ್ ಹಿಡಿದು ನೋಡಿದೆ. ಪೈಪಿಗೆ ಏನೂ ಆಗಿರಲಿಲ್ಲ. ಟಬ್ಬಿನ ತಳಕ್ಕೂ ಕೆಳಗಿನ ಎಲ್ಬೋಗೂ (ಮೊಣಕೈಯಂತೆ ಬಾಗಿದ ಪೈಪ್ ತುಂಡು) ನಡುವೆ ಒಂದು ದಪ್ಪ ರಬ್ಬರ್ ವಾಷರ್ ಇರುತ್ತದೆ. ಅದು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಅದನ್ನು ಬದಲಿಸಬೇಕೆಂದರೆ ಮೇಲಿನ ಡ್ರೈನ್ ಬಿಚ್ಚಲೇಬೇಕು. ಬೇರೆ ದಾರಿಯಿಲ್ಲ.

ಡ್ರೈನ್ ಅಂದರೆ ಬರೀ ಜಾಲರಿ ಅಂತ ನಾನೂ ಮೊದಲು ತಿಳಿದಿದ್ದೆ. ಹಾಗಲ್ಲ. ಮೇಲೆ ಹೊಳೆಯುವ ಅಂಚು ಕಾಣುತ್ತದಲ್ವಾ, ಅದಕ್ಕೆ ಸೇರಿಕೊಂಡೇ ಒಂದು ಗಿಡ್ಡ ಕೊಳವೆ ಕೆಳಕ್ಕೆ ಇಳಿದಿರುತ್ತದೆ. ಆ ಕೊಳವೆಯ ಹೊರಮೈಯಲ್ಲಿ ಥ್ರೆಡ್, ಅಂದರೆ ಸ್ಕ್ರೂವಿಗಿರುವಂಥ ಸುರುಳಿ ಗೆರೆ, ಇರುತ್ತದೆ. ಅದು ಟಬ್ಬಿನ ತೂತಿನಿಂದ ಇಳಿದು ಎಲ್ಬೋ ಒಳಗೆ ತಿರುಗಿ ಕೂರುತ್ತದೆ. ಮೇಲಿನ ಅಂಚಿನ ಕೆಳಗೆ ಪುಟ್ಟಿ (ನೀರು ಸೋರದಂತೆ ಪ್ಲಂಬರ್‌ಗಳು ಹಾಕುವ ಮೆತ್ತನೆಯ ಮುದ್ದೆ), ಟಬ್ಬಿನ ಕೆಳಗೆ ವಾಷರ್. ಟಬ್ಬು ಇವೆರಡರ ನಡುವೆ ಅದುಮಿಕೊಂಡಿರುತ್ತದೆ. ವರ್ಷಗಳು ಕಳೆದಂತೆ ಪುಟ್ಟಿ ಕಲ್ಲಾಗುತ್ತದೆ, ಥ್ರೆಡ್ ಕಿಲುಬು ಹಿಡಿಯುತ್ತದೆ. ಡ್ರೈನ್ ಕದಲದೆ ಕೂರುವುದು ಈ ಎರಡು ಕಾರಣಕ್ಕೆ.

ಎಲ್ಲ ಡ್ರೈನ್‌ಗಳೂ ಹೀಗೇ ಇರುವುದಿಲ್ಲ. ಟೂಲ್ ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಿ. ಜಾಲರಿಯ ನಟ್ಟನಡುವೆ ಸ್ಕ್ರೂ ತಲೆ ಕಂಡರೆ ನಿಮ್ಮದು ಸುಲಭದ ಮಾದರಿ. ಆ ಒಂದು ಸ್ಕ್ರೂ ಬಿಚ್ಚಿದರೆ ಮೇಲಿನ ಭಾಗ ಬೇರೆಯಾಗುತ್ತದೆ, ಸ್ಕ್ರೂಡ್ರೈವರ್ ಸಾಕು. ಕೆಲವದಕ್ಕೆ ಟಬ್ಬಿನ ಕೆಳಗೆ ದೊಡ್ಡ ನಟ್ ಇರುತ್ತದೆ. ಅದನ್ನು ಕೆಳಗಿನಿಂದ ದೊಡ್ಡ ಬಾಯಿಯ ಪಾನಾ ಹಾಕಿ ತಿರುಗಿಸಬೇಕು. ನಮ್ಮದು ಮೂರನೆಯ ಬಗೆ. ಒಳಗೆ ಕೂಡಿಸುವ (+) ಚಿಹ್ನೆಯ ಹಾಗೆ ಎರಡು ಅಡ್ಡಪಟ್ಟಿ, ನಡುವೆ ಸ್ಟಾಪರ್ (ನೀರು ನಿಲ್ಲಿಸುವ ಮುಚ್ಚಳ) ಕೂರುವ ತೂತು. ಮುಂದೆ ಹೇಳುವುದೆಲ್ಲ ಈ ಬಗೆಯ ಡ್ರೈನ್ ಬಗ್ಗೆ.

ಮೊದಲು ಸ್ಟಾಪರ್ ತೆಗೆಯಬೇಕು. ನಮ್ಮದು ಎತ್ತಿ ತಿರುಗಿಸುವ ಮಾದರಿ. ಅದರ ಗುಬುಟಿನ ಪಕ್ಕದಲ್ಲಿ ಕಣ್ಣಿಗೆ ಬೀಳದಷ್ಟು ಚಿಕ್ಕ ಸ್ಕ್ರೂ ಇತ್ತು. ಅದನ್ನು ಸಡಿಲಿಸಿದೆ, ಸ್ಟಾಪರ್ ಮೇಲೆ ಬಂತು. ಕಾಲಿನಿಂದ ಒತ್ತುವ ಮಾದರಿಯಾದರೆ ಮುಚ್ಚಳ ಬಿಚ್ಚಿ, ಒಳಗಿನ ದಂಡವನ್ನು ತಿರುಗಿಸಿ ತೆಗೆಯಬೇಕು.

ಇಲ್ಲಿಂದ ನನ್ನ ತಪ್ಪು ಶುರುವಾಯಿತು. ಮನೆಯಲ್ಲಿ ಉದ್ದ ಮೂತಿಯ ಇಕ್ಕಳ ಇತ್ತು. ಅದರ ಎರಡು ಮೂತಿಗಳನ್ನು ಅಡ್ಡಪಟ್ಟಿಗಳ ಸಂದಿಗೆ ತೂರಿಸಿ, ಹಿಡಿಗಳ ನಡುವೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದೆ. ಹೊಸ ಡ್ರೈನ್ ಆಗಿದ್ದರೆ ಬಂದುಬಿಡುತ್ತಿತ್ತೋ ಏನೋ. ನಮ್ಮದು ಹಳೆಯದು. ಟಕ್ ಅಂತ ಒಂದು ಪಟ್ಟಿ ಮುರಿದು ಕೈಗೆ ಬಂತು, ಡ್ರೈನ್ ಕೂದಲೆಳೆಯಷ್ಟೂ ಕದಲಿರಲಿಲ್ಲ. ಇಕ್ಕಳದ ಮೂತಿ ಪಟ್ಟಿಗಳನ್ನು ನಡುಭಾಗದ ಹತ್ತಿರ, ಎರಡೇ ಕಡೆ ಒತ್ತುತ್ತದೆ. ಪಟ್ಟಿಗೆ ಬಲವಿರುವುದು ಅದು ಕೊಳವೆಯ ಗೋಡೆಗೆ ಸೇರುವ ಕಡೆ. ಹಳೆಯ ಡ್ರೈನ್‌ನಲ್ಲಿ ಆ ಪಟ್ಟಿಗಳು ಸವೆದು ತೆಳ್ಳಗಾಗಿರುತ್ತವೆ. ಅವು ಕೊಡುವುದು ಒಂದೇ ಅವಕಾಶ. ಆ ಅವಕಾಶವನ್ನು ನಾನು ಇಕ್ಕಳಕ್ಕೆ ಕೊಟ್ಟುಬಿಟ್ಟೆ.

ಆ ಅವಕಾಶ ಸಿಗಬೇಕಾಗಿದ್ದದ್ದು ಡಂಬೆಲ್ ಆಕಾರದ ಡ್ರೈನ್ ರೆಂಚಿಗೆ. ಎರಕದ ಗಟ್ಟಿ ತುಂಡು, ಒಂದು ತುದಿ ಸಣ್ಣದು, ಇನ್ನೊಂದು ದೊಡ್ಡದು. ಎರಡೂ ತುದಿಯಲ್ಲಿ ಸೀಳಿನಂಥ ತೋಡುಗಳಿರುತ್ತವೆ. ಅಡ್ಡಪಟ್ಟಿಗಳು ಆ ತೋಡುಗಳೊಳಗೆ ಕೂರುತ್ತವೆ, ನಾಲ್ಕು ತೋಳಿಗೂ ಅಂಚಿನವರೆಗೆ ಬಲ ಹಂಚಿಹೋಗುತ್ತದೆ. ಪಟ್ಟಿಗಳು ನೆಟ್ಟಗಿದ್ದರೆ ಇದೇ ಸರಿಯಾದ ಟೂಲ್, ಬೇರೆಯದನ್ನು ಮುಟ್ಟಬೇಡಿ. ತುದಿ ಸಡಿಲವಾಗಿ ಕೂತರೆ ಬಲ ಹಾಕಬೇಡಿ, ಇನ್ನೊಂದು ತುದಿ ಹಾಕಿ ನೋಡಿ.

ಒಂದು ಪಟ್ಟಿ ಹೋದ ಮೇಲೆ ನನಗೆ ಉಳಿದದ್ದು ಒಳಗಿನಿಂದ ಕಚ್ಚುವ ಟೂಲ್. ಇದಕ್ಕೆ ಅಡ್ಡಪಟ್ಟಿ ಬೇಕಾಗಿಲ್ಲ. ಡ್ರೈನ್ ಕೊಳವೆಯೊಳಗೆ ಇಳಿಸಿ ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಇದರ ಹಲ್ಲುಗಳು ಹೊರಕ್ಕೆ ಚಾಚಿ ಗೋಡೆಯನ್ನು ಕಚ್ಚುತ್ತವೆ. ಬಲ ಹಾಕಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಮೇಲ್ಭಾಗದಲ್ಲಿ ರ‍್ಯಾಚೆಟ್ (ಒಂದೇ ದಿಕ್ಕಿಗೆ ಬಲ ಕೊಡುವ ಹಿಡಿ) ಕೂರಲು ಚೌಕದ ತೂತು ಇದೆಯೇ ಎಂದು ನೋಡಿ ಕೊಂಡೆ. ಅದಿದ್ದರೆ ಉದ್ದ ಹಿಡಿ ಹಾಕಬಹುದು. ಕೊಳ್ಳುವ ಮೊದಲು ಡ್ರೈನ್ ಕೊಳವೆಯ ಒಳ ಅಳತೆ ತೆಗೆದುಕೊಂಡೆ. ಅಂದಾಜಿನಲ್ಲಿ ತಂದರೆ ಒಂದೋ ಒಳಗೆ ಇಳಿಯುವುದಿಲ್ಲ, ಇಲ್ಲವೇ ಗೋಡೆಗೆ ತಾಗುವುದಿಲ್ಲ.

ಈ ಟೂಲ್ ಜಾರುವುದು ಜಾಸ್ತಿ ಸಲ ಒಳಗಿನ ಜಿಡ್ಡಿನಿಂದ. ಹಾಗಾಗಿ ಉಳಿದ ಪಟ್ಟಿಯ ತುಂಡುಗಳನ್ನು ಮುರಿದು ತೆಗೆದೆ. ಕೂದಲು, ಸೋಪಿನ ಪದರ ಕೆರೆದೆ. ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸಿ, ಒಣಗಲು ಬಿಟ್ಟೆ. ಅರ್ಧ ಗಂಟೆ ಈ ಕೆಲಸಕ್ಕೇ ಹೋಯಿತು, ಅಷ್ಟೂ ಸಾರ್ಥಕ. ಒಂದು ಎಚ್ಚರಿಕೆ: ಬ್ಲಾಕ್ ತೆಗೆಯುವ ಆಸಿಡ್ ಅಥವಾ ಪುಡಿಯನ್ನು ಇತ್ತೀಚೆಗೆ ಸುರಿದಿದ್ದರೆ ಕೈ ಹಾಕಬೇಡಿ. ಚೆನ್ನಾಗಿ ನೀರು ಬಿಟ್ಟು ತೊಳೆದು, ಕೈಗವಸು, ಕನ್ನಡಕ ಹಾಕಿಕೊಂಡೇ ಶುರು ಮಾಡಿ.

ಕಲ್ಲಾದ ಪುಟ್ಟಿಗೆ ಶಾಖ ಕೊಟ್ಟೆ. ಹೇರ್ ಡ್ರೈಯರನ್ನು ಡ್ರೈನ್ ಅಂಚಿನ ಸುತ್ತ ಆಡಿಸುತ್ತಾ ಲೋಹ ಬಿಸಿಯಾಗುವವರೆಗೆ ಕಾದೆ. ನಮ್ಮದು ಅಕ್ರಿಲಿಕ್ ಟಬ್. ಬೆಂಕಿಯ ಟಾರ್ಚ್ ಹತ್ತಿರ ತಂದರೆ ಟಬ್ಬೇ ಹಾಳು. ಡ್ರೈಯರನ್ನೂ ಒಂದೇ ಕಡೆ ಹಿಡಿಯಬಾರದು. ಟಬ್ ಪೂರ್ತಿ ಒಣಗಿರಬೇಕು, ವಿದ್ಯುತ್ ಮತ್ತು ನೀರಿನ ವಿಷಯ. ತುಕ್ಕು ಬಿಡಿಸುವ ಎಣ್ಣೆಯನ್ನು ಮೇಲಿನಿಂದ ಸುರಿಯುವುದು ಬಹುಮಟ್ಟಿಗೆ ವ್ಯರ್ಥ. ಥ್ರೆಡ್ ಇರುವುದು ಕೊಳವೆಯ ಹೊರಗೆ, ನಾವು ಸುರಿಯುವುದು ಒಳಗೆ. ಕೊಳವೆಯ ಕೆಳ ತುದಿ ಕೈಗೆ ಸಿಕ್ಕರೆ ಮಾತ್ರ ಅಲ್ಲಿ ಸ್ವಲ್ಪ ಹಚ್ಚಬಹುದು. ಒಳಗೋಡೆಗೆ ಎಣ್ಣೆ ತಾಗಿದರೆ ಟೂಲಿನ ಹಿಡಿತ ಹೋಗುತ್ತದೆ, ಮತ್ತೆ ಒರೆಸಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಡ್ರೈನ್ ಬಿಗಿಯಾಗಿ ಹಿಡಿದಿದ್ದರೆ ನೀವು ತಿರುಗಿಸುವಾಗ ಕೆಳಗಿನ ಎಲ್ಬೋ ಕೂಡ ಜೊತೆಗೇ ತಿರುಗುತ್ತದೆ. ಎಲ್ಬೋಗೆ ಪೈಪ್ ಸೇರಿರುತ್ತದೆ, ಆ ಪೈಪಿಗೆ ಓವರ್‌ಫ್ಲೋ ಪೈಪ್ (ಟಬ್ ತುಂಬಿದಾಗ ಹೆಚ್ಚಿನ ನೀರು ಹೋಗುವ ಪೈಪ್) ಸೇರಿರುತ್ತದೆ. ಮೇಲೆ ಕೂತವರಿಗೆ ‘ಬಂತು, ಬಂತು’ ಅನ್ನಿಸುತ್ತದೆ, ಕೆಳಗೆ ಜಾಯಿಂಟು ಬಿರಿಯುತ್ತಿರುತ್ತದೆ. ನಾನು ತಮ್ಮನನ್ನು ಪ್ಯಾನೆಲ್ ಪಕ್ಕದಲ್ಲಿ ಕೂರಿಸಿ, ಪೈಪ್ ರೆಂಚ್ ಹಾಕಿ ಎಲ್ಬೋ ಹಿಡಿಯಲು ಹೇಳಿದೆ. ಎರಡನೇ ಸಲ ಬಲ ಹಾಕಿದಾಗ ಅವನು "ಅಣ್ಣಾ, ನಿಲ್ಸು, ಇದೂ ತಿರುಗ್ತಿದೆ" ಎಂದ. ಅಲ್ಲಿಗೇ ನಿಲ್ಲಿಸಿದೆವು. ಅವನು ರೆಂಚನ್ನು ಮರದ ಚೌಕಟ್ಟಿಗೆ ಒರಗುವ ಹಾಗೆ ಸರಿಮಾಡಿಕೊಂಡ. ಕೆಳಗೆ ಕೈ ಹಾಕುವ ಜಾಗವೇ ಇಲ್ಲದ ಟಬ್ ನಿಮ್ಮದಾಗಿದ್ದರೆ ಬಲ ಏರಿಸುವ ಮುನ್ನ ಎರಡು ಸಲ ಯೋಚಿಸಿ. ಅಲ್ಲಿ ಒಬ್ಬ ಪ್ಲಂಬರನ್ನು ಕರೆಯುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಮೂರನೇ ಸಲ ಜಟ್ಟನೆ ಎಳೆಯಲಿಲ್ಲ. ಟೂಲನ್ನು ಒಂದು ಕೈಯಲ್ಲಿ ಕೆಳಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಿಡಿಯನ್ನು ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ಒಂದೇ ಸಮ ಒತ್ತುತ್ತಾ ಹೋದೆ. ಕ್ರಕ್ ಅಂತ ಸದ್ದು ಬಂತು. ಪುಟ್ಟಿ ಬಿಟ್ಟಿತ್ತು. ಕಾಲು ಸುತ್ತು, ಅರ್ಧ ಸುತ್ತು, ಆಮೇಲೆ ಕೈಯಲ್ಲೇ ತಿರುಗಿತು. ಕೊಳವೆಯ ಒಳಗೋಡೆ ತುಂಬ ಹಲ್ಲಿನ ಗೀರು. ಈ ಟೂಲ್ ಹಾಕಿದ ಡ್ರೈನನ್ನು ಮತ್ತೆ ಬಳಸುವ ಆಸೆ ಇಟ್ಟುಕೊಳ್ಳಬೇಡಿ.

ಅಕ್ಕನ ಮನೆಯಲ್ಲಿ ಈ ಟೂಲೂ ಸೋತಿತು. ಅಲ್ಲಿ ಕೊಳವೆಯ ಗೋಡೆಯೇ ಸವೆದು ಹಲ್ಲಿಗೆ ಪುಡಿಪುಡಿಯಾಗುತ್ತಿತ್ತು. ಕೊನೆಗೆ ಹ್ಯಾಕ್ಸಾ ಬ್ಲೇಡನ್ನು ಬಟ್ಟೆ ಸುತ್ತಿ ಹಿಡಿದು, ಒಳಗಿನಿಂದ ಬೆರಳಿನ ಅಗಲ ಬಿಟ್ಟು ಎರಡು ಸೀಳು ಕೊಯ್ದೆ. ಪೂರ್ತಿ ಕೊಯ್ಯಬಾರದು. ಬ್ಲೇಡ್ ಎಲ್ಬೋದ ಥ್ರೆಡ್ಡಿಗೆ ತಾಗಿದರೆ ಎಲ್ಬೋ ಕೂಡ ಬದಲಿಸಬೇಕಾಗುತ್ತದೆ. ಹತ್ತು ಸಲ ಕೊಯ್ದು ಒಮ್ಮೆ ಟಾರ್ಚ್ ಹಾಕಿ ನೋಡುತ್ತಿದ್ದೆ. ಆಮೇಲೆ ಹಳೆಯ ಉಳಿ ಇಟ್ಟು ಸೀಳುಗಳ ನಡುವಿನ ತುಂಡನ್ನು ಒಳಕ್ಕೆ ಬಡಿದೆ. ಅದು ಮಡಿಚಿಕೊಂಡಿತು, ಉಳಿದ ಭಾಗ ಸಡಿಲಾಯಿತು. ನಿಧಾನದ ಕೆಲಸ, ಆದರೆ ಟಬ್ಬಿಗೆ ಏನೂ ಆಗಲಿಲ್ಲ.

ಹೊಸ ಡ್ರೈನ್ ತರುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಅಮೆರಿಕದ ಮಾದರಿಗಳಲ್ಲೇ ಒಂದೂವರೆ ಇಂಚು ವ್ಯಾಸಕ್ಕೆ ಇಂಚಿಗೆ 11½ ಸುತ್ತಿನ ಥ್ರೆಡ್ ಇರುತ್ತದೆ, 1⅜ ಇಂಚು ವ್ಯಾಸಕ್ಕೆ ಇಂಚಿಗೆ 16 ಸುತ್ತಿನದು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಹೊಂದದ್ದನ್ನು ಬಲವಂತವಾಗಿ ತಿರುಗಿಸಿದರೆ ಎಲ್ಬೋದ ಥ್ರೆಡ್ ಕಿತ್ತುಹೋಗುತ್ತದೆ.

ಕೂರಿಸುವಾಗ ಹಳೆಯ ಪುಟ್ಟಿಯನ್ನೆಲ್ಲ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದೆ, ಲೋಹ ಮುಟ್ಟಿಸಲಿಲ್ಲ. ಮಾಮೂಲಿ ಪುಟ್ಟಿಯಲ್ಲಿ ಎಣ್ಣೆ ಇರುತ್ತದೆ, ಕೆಲವು ಪ್ಲಾಸ್ಟಿಕ್‌ಗಳಿಗೆ ಅದು ಆಗಿಬರುವುದಿಲ್ಲ. ಅದಕ್ಕೇ ಅಂಚಿನ ಕೆಳಗೆ ಸಿಲಿಕೋನ್ ಅಂಟು ಹಾಕಿದೆ. ಕೆಳಗಿನ ಹೊಸ ವಾಷರಿಗೆ ಏನನ್ನೂ ಹಚ್ಚಲಿಲ್ಲ, ತಮ್ಮ ಎಲ್ಬೋವನ್ನು ಅದರೊಂದಿಗೆ ಟಬ್ಬಿನ ತಳಕ್ಕೆ ಎತ್ತಿ ಹಿಡಿದ. ಡ್ರೈನನ್ನು ಮೊದಲು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಥ್ರೆಡ್ ಕೂತ ಸಣ್ಣ ಸದ್ದು ಬಂದ ಮೇಲೆ ಮುಂದಕ್ಕೆ ತಿರುಗಿಸಿದೆ. ಬೆರಳಲ್ಲೇ ಸಲೀಸಾಗಿ ಹೋಗಬೇಕು. ಕೊನೆಯ ಬಿಗಿತಕ್ಕೆ ಮಾತ್ರ ಡಂಬೆಲ್ ರೆಂಚ್. ಅದನ್ನು ಈ ಕೆಲಸಕ್ಕಾಗಿಯೇ ತಂದೆ, ಹೊಸ ಪಟ್ಟಿಗಳ ಮೇಲೆ ಅದು ಕೂತ ರೀತಿ ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಸಿಲಿಕೋನ್ ಸುತ್ತಲೂ ಒಂದೇ ಸಮ ಉಕ್ಕಿ ಬಂದ ಕೂಡಲೇ ಬಿಗಿ ಮಾಡುವುದನ್ನು ನಿಲ್ಲಿಸಿದೆ.

ಒಂದು ದಿನ ಒಣಗಲು ಬಿಟ್ಟು ಟಬ್ ತುಂಬಿಸಿದೆ. ಎಲ್ಬೋ ಕೆಳಗೆ ಒಣ ಕಾಗದ ಹಾಸಿ, ನೀರು ನಿಂತಿರುವಾಗ ಒಮ್ಮೆ, ಬಿಟ್ಟಾಗ ಒಮ್ಮೆ ನೋಡಿದೆ. ಮಾರನೇ ದಿನ ಸ್ನಾನವಾದ ಮೇಲೂ ಕಾಗದ ಒಣಗಿಯೇ ಇತ್ತು. ಆಮೇಲೆ ಪ್ಯಾನೆಲ್ ಮುಚ್ಚಿದೆ.