ಕಿಟಕಿಯ ಕಡಜಗಳು ಮತ್ತು ‘ಇದರಿಂದ ಏನುಪಯೋಗ?’

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಕಿಟಕಿಯಲ್ಲಿ ಕಡಜವೊಂದು ಅಂಗೈಯಗಲದ ಗೂಡು ಕಟ್ಟಿತ್ತು. ಅಟೆಂಡರ್ ಪೊರಕೆ ಹಿಡಿದು ಬಂದು, “ತೆಗೆದುಬಿಡ್ಲಾ ಮೇಡಂ? ಮಕ್ಕಳಿಗೆ ಕಚ್ಚುತ್ತೆ” ಎಂದರು. ಒಂದು ತಿಂಗಳು ಇರಲಿ ಎಂದೆ. ಆ ತಿಂಗಳು ಎರಡು ವರ್ಷವಾಯಿತು.

ಅದು ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಜಾತಿಯ ಕಡಜ. ಗಿಡದ ನಾರನ್ನು ಅಗಿದು, ಜೊಲ್ಲಿನಲ್ಲಿ ಕಲಸಿ ಕಾಗದದಂಥ ಗೂಡು ಮಾಡುತ್ತದೆ. ಹೊದಿಕೆಯಿಲ್ಲದ ಗೂಡು, ಸಂಸಾರವೆಲ್ಲ ಕಣ್ಣೆದುರೇ. ವಿಜ್ಞಾನಿ ರಾಘವೇಂದ್ರ ಗದಗ್‌ಕರ್ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕಿಟಕಿಗಳಲ್ಲಿ ಕಂಡದ್ದೂ ಇದೇ ಕಡಜ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬೇರೆಯದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತ, ಹವ್ಯಾಸಕ್ಕೆಂದು ಇದರ ಬೆನ್ನು ಹತ್ತಿದವರು ಮುಂದೆ ಇದನ್ನೇ ಬದುಕಿನ ಕೆಲಸ ಮಾಡಿಕೊಂಡರು. ನಮ್ಮಲ್ಲೂ ಕಿಟಕಿ ಇದೆಯಲ್ಲ ಅನ್ನಿಸಿತು.

ಬೆಳಗಿನ ಚಳಿಗೆ ಅವು ಮಂಕಾಗಿ ಕೂತಿರುವಾಗ, ಹುಲ್ಲುಕಡ್ಡಿಯ ತುದಿಯಿಂದ ಬೇಗ ಒಣಗುವ ಬಣ್ಣದ ಚುಕ್ಕೆ ಇಟ್ಟೆವು. ಎದೆಗೊಂದು, ಹೊಟ್ಟೆಗೊಂದು. 23 ಕಡಜಗಳಿಗೆ ನಾಲ್ಕು ಬೆಳಗು ಹಿಡಿಯಿತು, ನನಗೆ ಎರಡು ಕುಟುಕು ಸಿಕ್ಕವು. ಆಮೇಲೆ ಬೇಕಾದದ್ದು ಗಡಿಯಾರ ಮತ್ತು ನೋಟ್‌ಬುಕ್ ಮಾತ್ರ. ‘ಹಸಿರುಚುಕ್ಕೆ ಕಂಬಳಿಹುಳು ತಂದಳು.’ ‘ಹಳದಿ ನೀಲಿಯನ್ನು ಕಚ್ಚಿದಳು.’ ಎರಡನೇ ವಾರಕ್ಕೆ ಎಲ್ಲರ ಬಾಯಲ್ಲೂ ‘ಅದು’ ಹೋಗಿ ‘ಅವಳು’ ಬಂದಿತ್ತು. ಗೂಡಿಗಾಗಿ ದುಡಿಯುವವರೆಲ್ಲ ಹೆಣ್ಣುಗಳೇ.

ರಾಣಿಯನ್ನು ಗುರುತಿಸಲು ತುಂಬಾ ದಿನ ಬೇಕಾಯಿತು. ಈ ಜಾತಿಯಲ್ಲಿ ರಾಣಿ ಯಾರ ಮೇಲೂ ಜೋರು ಮಾಡುವುದಿಲ್ಲ. ಮೊಟ್ಟೆಯಿಡುವುದನ್ನು ಕಂಡ ಮೇಲೇ ಇವಳೇ ಎಂದು ಖಾತ್ರಿಯಾದದ್ದು. ಅವಳನ್ನು ಡಬ್ಬಿಗೆ ತೆಗೆದರೆ ಮುಂದಿನ ರಾಣಿ ಯಾರು? ಎಲ್ಲರನ್ನೂ ಕಚ್ಚುತ್ತಿದ್ದ ಹಳದಿಯೇ ಎಂದು ನಾನೂ ವಿದ್ಯಾರ್ಥಿಗಳೂ ನಂಬಿದ್ದೆವು. ಅರ್ಧ ಗಂಟೆಯೊಳಗೆ ಉಳಿದವರ ಮೇಲೆ ಎರಗತೊಡಗಿದ್ದು ಬಿಳಿಚುಕ್ಕೆ. ಅದುವರೆಗೆ ಅವಳ ಹೆಸರಿನಲ್ಲಿ ನಮ್ಮ ಪುಸ್ತಕದಲ್ಲಿ ನಾಲ್ಕು ಸಾಲೂ ಇರಲಿಲ್ಲ. ದಿನ ಕಳೆದಂತೆ ತಣ್ಣಗಾದಳು, ಒಂಬತ್ತನೇ ದಿನ ಮೊಟ್ಟೆಯಿಟ್ಟಳು. ಗದಗ್‌ಕರ್ ಅವರ ಬೆಂಗಳೂರಿನ ಪ್ರಯೋಗಾಲಯ ಇದನ್ನೆಲ್ಲ ಎಂದೋ ದಾಖಲಿಸಿದೆ. ಆದರೂ ಅಂದು ಕಿಟಕಿಯ ಬಳಿ ನಿಂತಿದ್ದ ಹನ್ನೊಂದು ಜನ ಉಸಿರು ಬಿಗಿಹಿಡಿದಿದ್ದರು.

“ಇದರಿಂದ ಏನುಪಯೋಗ?” ಎಂದು ಸಭೆಯೊಂದರಲ್ಲಿ ಹಿರಿಯರೊಬ್ಬರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. 2020ರಲ್ಲಿ ಊರಿಗೂರೇ ಮೂಗು ಗಂಟಲಿನ ಮಾದರಿ ಕೊಟ್ಟು ಆರ್‌ಟಿ–ಪಿಸಿಆರ್ ಫಲಿತಾಂಶಕ್ಕೆ ಕಾಯುತ್ತಿದ್ದಾಗ ಆ ಪ್ರಶ್ನೆ ನೆನಪಾಯಿತು. ಪಿಸಿಆರ್ ಎಂದರೆ ಕಿಣ್ವವೊಂದರ ನೆರವಿನಿಂದ ಡಿಎನ್ಎ ತುಣುಕಿನ ಅಸಂಖ್ಯ ಪ್ರತಿ ಮಾಡುವ ವಿಧಾನ. ಅದರಲ್ಲಿ ಡಿಎನ್ಎ ಎಳೆಗಳನ್ನು ಬಿಡಿಸಲು ಸುಮಾರು 95 ಡಿಗ್ರಿಗೆ ಮತ್ತೆ ಮತ್ತೆ ಕಾಯಿಸಬೇಕು. ಆ ಬಿಸಿಗೆ ಕೆಡದ ಕಿಣ್ವ ಮೊದಲು ಸಿಕ್ಕಿದ್ದು ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾದಲ್ಲಿ. ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರ ಬುಗ್ಗೆಗಳಿಂದ ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ 1960ರ ದಶಕದಲ್ಲಿ ಅದನ್ನು ಹೊರತೆಗೆದರು. ಇಷ್ಟು ಸುಡುವ ನೀರಲ್ಲೂ ಜೀವ ಹೇಗಿದ್ದೀತು ಎಂಬುದಷ್ಟೇ ಬ್ರಾಕ್ ಅವರ ಕುತೂಹಲ. ಪಿಸಿಆರ್ ಹುಟ್ಟಿದ್ದೇ 1983ರಲ್ಲಿ.

ಈ ಕಥೆಯನ್ನು ತರಗತಿಯಲ್ಲಿ ಹೇಳುತ್ತೇನೆ, ಆದರೆ ಭರವಸೆಯಾಗಿ ಅಲ್ಲ. ನನ್ನ ಕಡಜಗಳಿಂದ ಔಷಧಿ ಬರುತ್ತದೆಂದು ಹೇಳಿದರೆ ಸುಳ್ಳಾಗುತ್ತದೆ. ಯಾವ ಬುಗ್ಗೆಯಲ್ಲಿ ಏನಿದೆಯೆಂದು ಮೊದಲೇ ಗೊತ್ತಿಲ್ಲದಿರುವುದರಿಂದಲೇ ಎಲ್ಲ ಬುಗ್ಗೆಗಳನ್ನೂ ಇಣುಕಿ ನೋಡುವವರು ಬೇಕು. ಅವರಿಗೆ ಸಮಾಜ ಸಮಯವನ್ನೂ ಸಂಬಳವನ್ನೂ ಕೊಡಬೇಕು.

ಗೂಡಿಗೆ ಗಂಟೆಗೆ ಎಷ್ಟು ಕಂಬಳಿಹುಳು ಬರುತ್ತವೆಂದು ಎಣಿಸುತ್ತಿದ್ದ ಹುಡುಗಿಯೊಬ್ಬಳ ಮನೆಯಲ್ಲಿ ತರಕಾರಿ ಬೆಳೆಯುತ್ತಾರೆ. ಕೊಟ್ಟಿಗೆಯ ಸೂರಿನ ಕಡಜದ ಗೂಡನ್ನು ಸುಡಲು ಅಪ್ಪ ಪಂಜು ಹಿಡಿದಾಗ ತನ್ನ ಲೆಕ್ಕದ ಪುಸ್ತಕ ತೋರಿಸಿ ತಡೆದಳಂತೆ. ಈಗ ಅವಳೇ ಆ ಗೂಡಿಗೆ ಚುಕ್ಕೆ ಇಡಬೇಕೆಂದಿದ್ದಾಳೆ. ಹಸಿರು ಬಣ್ಣ ಒಣಗಿಹೋಗಿದೆ, ಸೋಮವಾರ ಪೇಟೆಯಿಂದ ತರಬೇಕು.